ಮಿನಿಯೇಚರ್ ಅಶ್ವದಳಕ್ಕೆ ಸರಿಯಾದ ಕುದುರೆ ಬಣ್ಣ: ವಾಟರ್ಲೂ ರಾವುತರನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಮಿನಿಯೇಚರ್‌ಗೆ, ಅಂದರೆ ಸೈನಿಕರ ಪುಟಾಣಿ ಬೊಂಬೆಗಳಿಗೆ, ಬಣ್ಣ ಬಳಿಯುವವರು ರಾವುತನ ಕೋಟು, ಕಾಲರು, ಗುಂಡಿ ಇವಕ್ಕೆಲ್ಲ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಕುದುರೆಯ ಸರದಿ ಬಂದಾಗ ಮಾತ್ರ ಕೈಗೆ ಸಿಕ್ಕ ಕಂದು ಬಾಟಲಿ ತೆಗೆದು ಹನ್ನೆರಡಕ್ಕೂ ಒಂದೇ ಬಣ್ಣ ಬಳಿದುಬಿಡುತ್ತಾರೆ. ಮೇಜಿನ ಮೇಲೆ ಇಟ್ಟಾಗ ಕಣ್ಣಿಗೆ ಮೊದಲು ಬೀಳುವುದು ಕುದುರೆಯೇ ಅಲ್ವಾ? ಅಶ್ವದಳದ ಒಂದು ಬೊಂಬೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಅದರದ್ದೇ. ಹಾಗಾಗಿ ಕೋಟಿಗೆ ಕೊಡುವ ಗಮನವನ್ನು ಕುದುರೆಗೂ ಕೊಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ವೆಲ್ಲಿಂಗ್ಟನ್‌ನ ಬ್ರಿಟಿಷ್ ಪಡೆ ಮತ್ತು ಮಿತ್ರರು ನೆಪೋಲಿಯನ್‌ನ ಫ್ರೆಂಚ್ ಸೈನ್ಯದ ವಿರುದ್ಧ ಕಾದಿದ 1815ರ ವಾಟರ್ಲೂ ಯುದ್ಧವನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಹೆಚ್ಚಿನವರು ಮೊದಲು ಕೊಳ್ಳುವುದು ಆ ಕಾಲದ ಸೈನ್ಯವನ್ನೇ. ಇದೇ ದಾರಿ ಬೇರೆ ಕಾಲದ ರಾವುತರಿಗೂ ನಡೆಯುತ್ತದೆ.

ಹಂತ 1: ಮೊದಲು ಕುದುರೆಯನ್ನು ಓದುವುದು ಕಲಿಯಿರಿ

ಕುದುರೆಯ ಮೂಲ ಬಣ್ಣ ಮೂರೇ: ಕಪ್ಪು, ಬೇ, ಚೆಸ್ಟ್‌ನಟ್. ಉಳಿದದ್ದೆಲ್ಲ ಈ ಮೂರರ ಮೇಲೆ ಬೇರೆ ಬೇರೆ ಜೀನ್‌ಗಳು ಮಾಡುವ ಕೆಲಸ.

ಬೇ ಅಂದರೆ ಮೈ ಕೆಂಗಂದು, ಆದರೆ ಜೂಲು, ಬಾಲ, ಕಾಲಿನ ಕೆಳಭಾಗ, ಕಿವಿಯ ಅಂಚು ಎಲ್ಲ ಕಪ್ಪು. ಮೈಯ ಕಂದು ತಿಳಿಯಾಗಿರಬಹುದು, ಹೆಚ್ಚೂಕಡಿಮೆ ಕಪ್ಪೇ ಅನ್ನುವಷ್ಟು ಗಾಢವಾಗಿಯೂ ಇರಬಹುದು. ಈ ಗಾಢ ಬೇ ಕುದುರೆಗಳಲ್ಲಿ ಮೂತಿಯ ಸುತ್ತ ಮತ್ತು ಕಿಬ್ಬೊಟ್ಟೆಯ ಹತ್ತಿರ ತಿಳಿ ಕಂದು ಇಣುಕುತ್ತಿರುತ್ತದೆ. ಆ ಒಂದು ಗೆರೆ ಹಾಕಿದರೆ ಸಾಕು, ಕುದುರೆಗೆ ಜೀವ ಬರುತ್ತದೆ.

ಚೆಸ್ಟ್‌ನಟ್ ಅಂದರೆ ಪೂರ್ತಿ ಕೆಂಚು. ಜೂಲು, ಬಾಲ ಮೈಯ ಬಣ್ಣದ್ದೇ, ಇಲ್ಲವೇ ಅದಕ್ಕಿಂತ ತಿಳಿ. ಚೆಸ್ಟ್‌ನಟ್ ಕೂದಲಿನಲ್ಲಿ ಕರಿ ವರ್ಣದ್ರವ್ಯವೇ ಹುಟ್ಟುವುದಿಲ್ಲ, ಆದ್ದರಿಂದ ಅದಕ್ಕೆ ಕಪ್ಪು ಜೂಲು ಬರುವ ಪ್ರಶ್ನೆಯೇ ಇಲ್ಲ. ಮೇಜಿನ ಮೇಲೆ ಅತಿ ಹೆಚ್ಚು ಕಾಣುವ ತಪ್ಪೂ ಇದೇ: ಕಾಲು ಕಪ್ಪು, ಜೂಲು ಮಾತ್ರ ಕೆಂಚು, ಅಥವಾ ಜೂಲು ಕಪ್ಪು, ಕಾಲು ಕೆಂಚು. ಅಂಥ ಕುದುರೆ ಇಲ್ಲ. ಜೂಲು ಕಪ್ಪಾದರೆ ಕಾಲೂ ಕಪ್ಪು, ಬಿಳಿ ಗುರುತು ಇದ್ದ ಕಡೆ ಬಿಟ್ಟು. ಇದೊಂದು ನಿಯಮ ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕಪ್ಪು ಕುದುರೆಯಲ್ಲಿ ಎಲ್ಲವೂ ಕಪ್ಪು. ಆದರೆ ಬಿಸಿಲಿಗೆ, ಬೆವರಿಗೆ ತುದಿಗಳು ಕಂದಾಗುತ್ತವೆ. ಬಾಟಲಿಯ ಅಪ್ಪಟ ಕಪ್ಪು ಬಳಿದರೆ ಬೊಂಬೆ ಕಲ್ಲಿದ್ದಲ ತುಂಡಿನಂತೆ ಕಾಣುತ್ತದೆ.

ಬೆಂಗಳೂರು, ಮೈಸೂರಿನ ಕಡೆ ಇರುವವರಿಗೆ ಒಂದು ಅನುಕೂಲ ಇದೆ. ಎರಡೂ ಊರಲ್ಲಿ ರೇಸ್ ಕೋರ್ಸ್ ಇದೆ, ರೇಸ್ ಪುಸ್ತಕದಲ್ಲಿ ಪ್ರತಿ ಕುದುರೆಯ ಬಣ್ಣ ಬರೆದಿರುತ್ತಾರೆ. ಪುಸ್ತಕ ಕೈಯಲ್ಲಿ ಹಿಡಿದು, ಓಟಕ್ಕೆ ಮೊದಲು ಕುದುರೆಗಳನ್ನು ತಿರುಗಾಡಿಸುವ ಪ್ಯಾಡಕ್‌ನ ಹತ್ತಿರ ನಿಂತು ನೋಡಿದರೆ ಬೇ ಯಾವುದು, ಗಾಢ ಬೇ ಯಾವುದು, ಚೆಸ್ಟ್‌ನಟ್ ಯಾವುದು ಅನ್ನುವುದು ಒಂದೇ ಮಧ್ಯಾಹ್ನದಲ್ಲಿ ಕಣ್ಣಿಗೆ ಹತ್ತುತ್ತದೆ. ದಸರಾ ಮೆರವಣಿಗೆಯ ಅಶ್ವಾರೋಹಿ ಪೊಲೀಸ್ ಪಡೆಯನ್ನೂ ಇದೇ ಕಣ್ಣಿನಲ್ಲಿ ನೋಡಿ. ಮೊಬೈಲಿನಲ್ಲಿ ಒಂದೇ ಕುದುರೆಯ ಫೋಟೋವನ್ನು ನೆರಳಲ್ಲೂ ಬಿಸಿಲಲ್ಲೂ ತೆಗೆದುಕೊಳ್ಳಿ. ಬಣ್ಣ ಎಷ್ಟು ಬದಲಾಗುತ್ತದೆ ನೋಡಿದರೆ ಆಶ್ಚರ್ಯವಾಗುತ್ತದೆ.

ಹಂತ 2: ರೆಜಿಮೆಂಟಿಗೆ ನಿಯಮ ಇತ್ತೇ, ಹುಡುಕಿ

ಬಹುಪಾಲು ರೆಜಿಮೆಂಟುಗಳಿಗೆ ಕಟ್ಟುನಿಟ್ಟಿನ ಬಣ್ಣ ಇರಲಿಲ್ಲ. ಆದರೆ ಹೆಸರಾದ ಕೆಲವಕ್ಕೆ ಇತ್ತು, ಆ ಕೆಲವನ್ನೇ ನಾವು ಜಾಸ್ತಿ ಕೊಳ್ಳುತ್ತೇವೆ. ಹಾಗಾಗಿ ಇದನ್ನು ಬಿಡುವ ಹಾಗಿಲ್ಲ.

ವಾಟರ್ಲೂ ಮೈದಾನದಲ್ಲಿ ಬ್ರಿಟಿಷರ ಕಡೆ ಲೈಫ್ ಗಾರ್ಡ್ಸ್ ಮತ್ತು ಬ್ಲೂಸ್ ಎಂದು ಕರೆಯುವ ರಾಯಲ್ ಹಾರ್ಸ್ ಗಾರ್ಡ್ಸ್‌ಗೆ ಕಪ್ಪು ಕುದುರೆ. ಯೂನಿಯನ್ ಬ್ರಿಗೇಡಿನ ಮೂರು ರೆಜಿಮೆಂಟುಗಳಲ್ಲಿ ಒಂದಾದ ಸ್ಕಾಟ್ಸ್ ಗ್ರೇಸ್‌ಗೆ ಗ್ರೇ ಕುದುರೆ, ಅಂದರೆ ಬೂದಿನಿಂದ ಬಿಳಿಯವರೆಗಿನದು (ಹಂತ 5 ನೋಡಿ). ಅದೇ ಬ್ರಿಗೇಡಿನ ರಾಯಲ್ಸ್ ಮತ್ತು ಇನ್ನಿಸ್ಕಿಲ್ಲಿಂಗ್ಸ್‌ಗೆ ಬೇ, ಗಾಢ ಬೇ, ಚೆಸ್ಟ್‌ನಟ್ ಬೆರೆಸಿ ಕೊಡಿ. ಮೂರನ್ನೂ ಪಕ್ಕಪಕ್ಕ ಇಟ್ಟಾಗ ಗ್ರೇಗಳು ಎದ್ದು ಕಾಣಬೇಕು. ಆ ದಿನ ನೋಡಿದವರಿಗೂ ಹಾಗೆಯೇ ಕಂಡಿದ್ದು. ಬಣ್ಣವೇ ರೆಜಿಮೆಂಟಿನ ಹೆಸರಾದ ಇನ್ನೊಂದು ಉದಾಹರಣೆ ಕ್ವೀನ್ಸ್ ಬೇಸ್. ಉಳಿದ ಭಾರಿ ಅಶ್ವದಳಗಳು ಕಪ್ಪು ಕುದುರೆ ಏರುತ್ತಿದ್ದಾಗ, 1767ರಲ್ಲಿ ಇವರಿಗೆ ಬೇ ಕುದುರೆ ಕೊಟ್ಟರು. ಇವರು ವಾಟರ್ಲೂನಲ್ಲಿ ಇರಲಿಲ್ಲ, ಬೊಂಬೆಗಳ ಪೆಟ್ಟಿಗೆ ಕೊಳ್ಳುವಾಗ ನೆನಪಿರಲಿ.

ಫ್ರೆಂಚರ ಕಡೆ ನೆಪೋಲಿಯನ್‌ನ ಆಯ್ದ ಪಡೆಯಾದ ಇಂಪೀರಿಯಲ್ ಗಾರ್ಡಿನ ಗ್ರೆನೇಡಿಯರ್ ರಾವುತರು, ಆ ಎತ್ತರದ ಕರಡಿ ತೊಗಲಿನ ಟೋಪಿಯವರು, ಕಪ್ಪು ಕುದುರೆಗೆ ಹೆಸರಾದವರು. ಅವರ ಕಹಳೆಗಾರರಿಗೆ ಗ್ರೇ.

ಕಹಳೆಗಾರರಿಗೆ ಗ್ರೇ ಎನ್ನುವುದು ಹಲವು ಸೈನ್ಯಗಳಲ್ಲಿ ಇದ್ದ ವಾಡಿಕೆ. ಅದರ ಹಿಂದೆ ಕೆಲಸದ ಕಾರಣ ಇದೆ. ಹೊಗೆ, ಗದ್ದಲದ ನಡುವೆ ಆಜ್ಞೆ ಹೋಗುವುದು ಕಹಳೆಯಿಂದ. ದಳಪತಿ ತಿರುಗಿ ನೋಡಿದಾಗ ಕಹಳೆಗಾರ ಎಲ್ಲಿದ್ದಾನೆ ಎಂದು ತಕ್ಷಣ ಗೊತ್ತಾಗಬೇಕು. ಅವನ ಕೋಟಿನ ಬಣ್ಣವೂ ಉಳಿದವರಿಗಿಂತ ಬೇರೆ ಇರುತ್ತಿದ್ದದ್ದು ಇದಕ್ಕೇ. ಹಾಗಾಗಿ ನಿಮ್ಮ ದಳದಲ್ಲಿ ಒಂದೇ ಒಂದು ಗ್ರೇ ಇದ್ದರೆ ಅದನ್ನು ಕಹಳೆಗಾರನಿಗೇ ಕೊಡಿ.

ಅಧಿಕಾರಿಗಳದ್ದು ಬೇರೆ ಲೆಕ್ಕ. ಅವರು ಕುದುರೆಯನ್ನು ಸ್ವಂತ ದುಡ್ಡಲ್ಲಿ ಕೊಳ್ಳುತ್ತಿದ್ದರು, ಆದ್ದರಿಂದ ಒಳ್ಳೆಯ ತಳಿಯ ಯಾವ ಬಣ್ಣವಾದರೂ ನಡೆಯುತ್ತದೆ. ವೆಲ್ಲಿಂಗ್ಟನ್ ಆ ದಿನ ಏರಿದ್ದ ಕೋಪನ್‌ಹೇಗನ್ ಚೆಸ್ಟ್‌ನಟ್. ನೆಪೋಲಿಯನ್‌ಗೆ ತಿಳಿ ಗ್ರೇ ಬಣ್ಣದ ಅರಬಿ ಕುದುರೆಗಳ ಮೇಲೆ ಒಲವು. ಮರೆಂಗೊ ಎಂಬ ಹೆಸರಿನಲ್ಲಿ ಇಟ್ಟಿರುವ ಕುದುರೆಯ ಅಸ್ಥಿಪಂಜರ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿ ಇದೆ.

ಹಂತ 3: ಯಾವ ವರ್ಷ ಅನ್ನುವುದನ್ನು ನಿರ್ಧರಿಸಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಾಗದದ ಮೇಲಿನ ನಿಯಮ ಒಂದು, ಲಾಯದಲ್ಲಿ ನಿಂತಿರುವ ಕುದುರೆ ಇನ್ನೊಂದು. ನಡುವೆ ಇರುವುದು ಯುದ್ಧ.

ಫ್ರೆಂಚರನ್ನೇ ನೋಡಿ. 1806ರಲ್ಲಿ ಯೆನಾದಲ್ಲಿ ಪ್ರಷ್ಯನ್ನರನ್ನು ಸೋಲಿಸಿದ ಮೇಲೆ, ಕುದುರೆ ಇಲ್ಲದೆ ಕಾಲ್ನಡಿಗೆಯಲ್ಲಿದ್ದ ಡ್ರಗೂನ್ ಎಂಬ ರಾವುತರಿಗೆ ಅಲ್ಲಿ ವಶವಾದ ಕುದುರೆಗಳು ಸಿಕ್ಕವು. ಒಳ್ಳೆಯ ಜರ್ಮನ್ ಕುದುರೆ ಬಂದ ಆ ಮುಂದಿನ ವರ್ಷಗಳಲ್ಲಿ ಭಾರಿ ಅಶ್ವದಳ ನೋಡಲು ಅಚ್ಚುಕಟ್ಟಾಗಿತ್ತು. ಆಮೇಲೆ 1812ರ ರಷ್ಯಾ ದಂಡಯಾತ್ರೆ. ಲಕ್ಷಕ್ಕೂ ಮೀರಿ ಕುದುರೆಗಳು ಸತ್ತುಹೋದವು. ಮೇವು ಇಲ್ಲದೆ, ಬಿಸಿಲಿಗೆ, ಆಮೇಲೆ ಚಳಿಗೆ. ರಾವುತರನ್ನು ಹೇಗೋ ಸೇರಿಸಿಕೊಳ್ಳಬಹುದು, ಯುದ್ಧಕ್ಕೆ ಪಳಗಿದ ಕುದುರೆ ಒಂದೆರಡು ತಿಂಗಳಲ್ಲಿ ಹುಟ್ಟುವುದಿಲ್ಲ. 1813ರಲ್ಲಿ ನೆಪೋಲಿಯನ್ ಗೆದ್ದ ಮೇಲೂ ಶತ್ರುವನ್ನು ಬೆನ್ನಟ್ಟಲು ಆಗದೆ ಹೋದದ್ದಕ್ಕೆ ಅಶ್ವದಳದ ಕೊರತೆಯೂ ದೊಡ್ಡ ಕಾರಣ. 1815ರಲ್ಲಿ ಮತ್ತೆ ಸೈನ್ಯ ಕಟ್ಟುವಾಗ ಜೆಂಡಾರ್ಮರಿ ಪೊಲೀಸರ ಕುದುರೆಗಳನ್ನೂ ತೆಗೆದುಕೊಂಡರು.

ಇದನ್ನು ಬಣ್ಣಕ್ಕೆ ಇಳಿಸಿ ನೋಡಿ. ನೀವು 1809ರ ಕ್ಯುರಾಸಿಯರ್, ಅಂದರೆ ಎದೆಗವಚ ತೊಟ್ಟ ಭಾರಿ ರಾವುತರನ್ನು, ಮಾಡುತ್ತಿದ್ದರೆ ಕಪ್ಪು, ಗಾಢ ಬೇ ಕಡೆಗೆ ವಾಲಿ, ಸಾಲು ಒಂದೇ ಸಮ ಕಾಣಲಿ. ಅದೇ ರೆಜಿಮೆಂಟನ್ನು 1813 ಅಥವಾ 1815ಕ್ಕೆ ಮಾಡುತ್ತಿದ್ದರೆ ತಿಳಿ ಬೇ, ಚೆಸ್ಟ್‌ನಟ್ ಧಾರಾಳವಾಗಿ ಸೇರಿಸಿ, ಸಾಲಿನಲ್ಲಿ ಒಂದು ಗ್ರೇ ಬಂದರೂ ಪರವಾಗಿಲ್ಲ. ಕೋಟು ಅದೇ, ಹೆಲ್ಮೆಟ್ ಅದೇ. ವರ್ಷವನ್ನು ಹೇಳುವುದು ಕುದುರೆ. ನನಗೆ ಈ ಇಡೀ ಹವ್ಯಾಸದಲ್ಲಿ ತುಂಬಾ ಖುಷಿ ಕೊಡುವ ಭಾಗ ಇದು.

ಬ್ರಿಟಿಷರಿಗೆ ಅಷ್ಟು ದೊಡ್ಡ ಪೆಟ್ಟು ಬಿದ್ದಿರಲಿಲ್ಲ, ಅವರ ಸಾಲುಗಳು ಜಾಸ್ತಿ ಅಚ್ಚುಕಟ್ಟಾಗಿ ಇರಲಿ.

ಹಂತ 4: ಹಳೆಯ ಚಿತ್ರವನ್ನು ನೋಡಿ, ಆದರೆ ಯಾವಾಗ ಬರೆದದ್ದು ಎಂದು ಕೇಳಿ

ಆಲ್ಪ್ಸ್ ದಾಟುವ ನೆಪೋಲಿಯನ್‌ನ ಚಿತ್ರ ಎಲ್ಲರಿಗೂ ಗೊತ್ತು. ಜಾಕ್ ಲೂಯಿ ಡೇವಿಡ್ 1801ರಿಂದ 1805ರವರೆಗೆ ಅದನ್ನು ಐದು ಸಲ ಬರೆದ. ಒಂದರಲ್ಲಿ ಕುದುರೆ ಕೆಂಗಂದು, ಇನ್ನೊಂದರಲ್ಲಿ ಗ್ರೇ. ನಿಜದಲ್ಲಿ ನೆಪೋಲಿಯನ್ ಆ ದಾರಿ ದಾಟಿದ್ದು ಹೇಸರಗತ್ತೆಯ ಮೇಲೆ. ಸ್ಕಾಟ್ಸ್ ಗ್ರೇಸ್ ನಮ್ಮ ಮೇಲೇ ನುಗ್ಗಿ ಬರುವಂತೆ ಕಾಣುವ ಪ್ರಸಿದ್ಧ ಚಿತ್ರವನ್ನು ಲೇಡಿ ಬಟ್ಲರ್ ಬರೆದದ್ದು 1881ರಲ್ಲಿ, ಯುದ್ಧ ಆಗಿ 66 ವರ್ಷದ ನಂತರ. ಕುದುರೆಯ ಸ್ನಾಯು, ಓಟ, ಮುಖದ ಭಾವ ಕಲಿಯಲು ಅದು ಅದ್ಭುತ. ದಾಖಲೆ ಎಂದು ಹಿಡಿದುಕೊಳ್ಳಬೇಡಿ.

ನಮ್ಮ ಕಡೆಗೂ ಇದೇ ಮಾತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ, ಸಾಲುಸಾಲು ಕುದುರೆಗಳು. 1799ರ ನಂತರ ಅದೇ ಮಹಲಿನಲ್ಲಿ ಇದ್ದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಆದವನು. ಗವರ್ನರ್ ಜನರಲ್ ಡಾಲ್‌ಹೌಸಿ ಹೇಳಿದ ಮೇಲೆ 1855ರಲ್ಲಿ ಆ ಚಿತ್ರಗಳನ್ನು ಮತ್ತೆ ಬರೆಸಿದರು. ಅಂದರೆ ಇಂದು ನಾವು ನೋಡುವ ಬಣ್ಣ ಮೂಲದ್ದೇ ಎಂದು ಹೇಳಿಬಿಡುವಂತಿಲ್ಲ. ಟಿಪ್ಪುವಿನ ಕಾಲದ ರಾವುತರನ್ನು ಮಾಡುವವರು ಇನ್ನೊಂದನ್ನೂ ಗಮನಿಸಿ: ಭಾರತದ ಹಳೆಯ ಚಿತ್ರಗಳಲ್ಲಿ ಬಿಳಿ ಕುದುರೆಯ ಕಾಲು, ಬಾಲ, ಹೊಟ್ಟೆಗೆ ಮದರಂಗಿ ಹಚ್ಚಿ ಕೆಂಪು ಮಾಡಿರುವುದು ಆಗಾಗ ಕಾಣುತ್ತದೆ. ಒಬ್ಬ ಸರದಾರನ ಕುದುರೆಗೆ ಇದನ್ನು ಮಾಡಿದರೆ ಇಡೀ ದಳದ ಕಳೆಯೇ ಬದಲಾಗುತ್ತದೆ.

ಹಂತ 5: ಗ್ರೇ ಕುದುರೆ

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಸ್ಕಾಟ್ಸ್ ಗ್ರೇಸ್ ಪೆಟ್ಟಿಗೆ ಕೊಂಡವರಲ್ಲಿ ಹೆಚ್ಚಿನವರು ಎಲ್ಲ ಕುದುರೆಗೂ ಬಿಳಿ ಬಳಿದು ಮುಗಿಸುತ್ತಾರೆ.

ಗ್ರೇ ಕುದುರೆ ಹುಟ್ಟುವಾಗ ಗ್ರೇ ಅಲ್ಲ. ಮರಿ ಕಪ್ಪೋ, ಬೇ ಬಣ್ಣವೋ, ಚೆಸ್ಟ್‌ನಟ್ಟೋ ಆಗಿರುತ್ತದೆ. ವರ್ಷ ಕಳೆದಂತೆ ಬಿಳಿ ಕೂದಲು ಹೆಚ್ಚುತ್ತಾ ಹೋಗುತ್ತದೆ. ಎಳೆಯ ಕುದುರೆ ಕಬ್ಬಿಣದ ಬಣ್ಣ, ಜೂಲು, ಬಾಲ, ಕಾಲು ಇನ್ನೂ ಕಪ್ಪು. ಆಮೇಲೆ ಮೈಮೇಲೆ ದುಂಡನೆಯ ತಿಳಿ ಮಚ್ಚೆಗಳು ಬರುತ್ತವೆ, ಮುಖ ಬೆಳ್ಳಗಾಗುತ್ತದೆ. ವಯಸ್ಸಾದದ್ದು ಬಹುತೇಕ ಬಿಳಿ. ಕೆಲವಕ್ಕೆ ಆ ಬಿಳಿಯ ಮೇಲೆ ಸಣ್ಣ ಕಂದು ಚುಕ್ಕಿಗಳು ಉದುರಿದ ಹಾಗೆ ಇರುತ್ತವೆ. ಒಂದು ರೆಜಿಮೆಂಟಿನಲ್ಲಿ ಎಳೆಯ ಕುದುರೆಯೂ ಇರುತ್ತದೆ, ಹತ್ತು ಹನ್ನೆರಡು ವರ್ಷ ಸೇವೆ ಮಾಡಿದ್ದೂ ಇರುತ್ತದೆ. ಹಾಗಿದ್ದ ಮೇಲೆ ಎಲ್ಲವೂ ಬಿಳಿ ಆಗಲು ಹೇಗೆ ಸಾಧ್ಯ?

ಹನ್ನೆರಡು ಸ್ಕಾಟ್ಸ್ ಗ್ರೇಸ್ ಇದ್ದರೆ ನಾನು ಹೀಗೆ ಹಂಚುತ್ತೇನೆ: ಎರಡು ಗಾಢ ಕಬ್ಬಿಣದ ಬಣ್ಣ, ಐದು ಮಚ್ಚೆಯ ಮಧ್ಯಮ ಗ್ರೇ, ನಾಲ್ಕು ತಿಳಿ ಗ್ರೇ, ಒಂದು ಮಾತ್ರ ಹೆಚ್ಚೂಕಡಿಮೆ ಬಿಳಿ.

ಬೆಳ್ಳಗಿನ ಗ್ರೇಗೂ ಕೂದಲಿನ ಕೆಳಗಿನ ಚರ್ಮ ಕಪ್ಪೇ. ಮೂತಿ, ಮೂಗಿನ ಹೊಳ್ಳೆ, ಕಣ್ಣಿನ ಸುತ್ತ ಗಾಢ ಬೂದು ಕೊಡಬೇಕು. ಗುಲಾಬಿ ಮೂತಿ ಕೊಟ್ಟರೆ ಅದು ಹುಟ್ಟಾ ಬಿಳಿ ಕುದುರೆ ಆಗುತ್ತದೆ, ಅಂಥದ್ದು ಬಹಳ ಅಪರೂಪ. ಗೊರಸೂ ಸಾಮಾನ್ಯವಾಗಿ ಗಾಢವೇ.

ಮಚ್ಚೆ ಹಾಕುವುದು ಕಷ್ಟ ಎಂದು ಹೆದರಬೇಡಿ. ಮಧ್ಯಮ ಬೂದು ಬಳಿದು, ಹರಿದ ಸ್ಪಂಜಿನ ಚೂರನ್ನು ತಿಳಿ ಬೂದಿನಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ತೆಗೆದು, ಹಿಂಭಾಗದ ಪಿರ್ರೆ, ಹೊಟ್ಟೆಯ ಪಕ್ಕ, ಭುಜದ ಮೇಲೆ ಮಾತ್ರ ಮೆಲ್ಲಗೆ ತಟ್ಟಿ. ಕಾಲಿನ ಮೇಲೆ ತಟ್ಟಬೇಡಿ. ಮೇಲೆ ತುಂಬಾ ನೀರಾದ ಬೂದು ಒಂದು ಪದರ ಎಳೆದರೆ ಅಂಚುಗಳು ಮೆತ್ತಗಾಗುತ್ತವೆ. 28 ಮಿಮೀ ಅಳತೆಯ ಬೊಂಬೆಗೆ ಇಷ್ಟು ಸಾಕು. 15 ಮಿಮೀಗೆ ಮಚ್ಚೆಯ ಗೊಡವೆಯೇ ಬೇಡ.

ಹಂತ 6: ಬ್ರಷ್ ಮುಟ್ಟುವ ಮೊದಲು ಪಟ್ಟಿ ಬರೆಯಿರಿ

ನಿಯಮ ಇಲ್ಲದ ಸಾಮಾನ್ಯ ರೆಜಿಮೆಂಟಿಗೆ ಹನ್ನೆರಡು ಕುದುರೆ ಎಂದುಕೊಳ್ಳಿ. ಐದು ಬೇ, ಮೂರು ಗಾಢ ಬೇ, ಎರಡು ಚೆಸ್ಟ್‌ನಟ್, ಒಂದು ಕಪ್ಪು, ಕಹಳೆಗಾರನಿಗೆ ಒಂದು ಗ್ರೇ. ಇದು ಯಾವುದೇ ದಾಖಲೆಯ ಲೆಕ್ಕ ಅಲ್ಲ, ಕಣ್ಣಿಗೆ ಸಹಜ ಅನ್ನಿಸುವ ಹಂಚಿಕೆ. ಪ್ರತಿ ಬೊಂಬೆಯ ಅಡಿಗೆ ನಂಬರ್ ಹಾಕಿ, ಕಾಗದದಲ್ಲಿ ಬಣ್ಣ ಬರೆದುಕೊಳ್ಳಿ. ಒಂದೇ ಭಂಗಿಯ ಕುದುರೆಗಳಿಗೆ ಒಂದೇ ಬಣ್ಣ ಬೀಳದಂತೆ ನೋಡಿಕೊಳ್ಳಿ.

ತಿಳಿ ಹೊಂಬಣ್ಣದ ಮೈ, ಬೆಳ್ಳಿ ಜೂಲಿನ ಕುದುರೆ, ದೊಡ್ಡ ಬಿಳಿ ತೇಪೆಯ ಕುದುರೆ ನೋಡಲು ಚೆನ್ನ. ಆದರೆ ಯುರೋಪಿನ ಸಾಮಾನ್ಯ ರೆಜಿಮೆಂಟಿನಲ್ಲಿ ಸುಮ್ನೆ ಇಡಬೇಡಿ. ರಷ್ಯಾದ ಕೊಸಾಕ್‌ಗಳಂಥ ನಿಯಮವಿಲ್ಲದ ರಾವುತರಿಗೆ ಬೇಕಾದಷ್ಟು ವೈವಿಧ್ಯ ಕೊಡಿ, ಆಸೆ ಅಲ್ಲಿ ತೀರಿಸಿಕೊಳ್ಳಬಹುದು.

ಹಂತ 7: ಬಿಳಿ ಗುರುತು ಮತ್ತು ಗೊರಸು

ಹಣೆಯ ಮೇಲೆ ಚುಕ್ಕಿ, ಮೂಗಿನವರೆಗೆ ಇಳಿಯುವ ಸಣ್ಣ ಗೆರೆ, ಅಗಲವಾದ ಪಟ್ಟೆ, ಕಾಲಿಗೆ ಗೊರಸಿನ ಮೇಲೆ ಒಂದಿಷ್ಟು ಬಿಳಿ. ಹನ್ನೆರಡರಲ್ಲಿ ಐದಾರಕ್ಕೆ ಮುಖದ ಗುರುತು ಸಾಕು, ಅದರಲ್ಲೂ ಚುಕ್ಕಿಯೇ ಜಾಸ್ತಿ ಇರಲಿ. ಕಾಲಿನ ಬಿಳಿಯನ್ನು ಹಿಂಗಾಲಿಗೆ ಹೆಚ್ಚು ಕೊಡಿ, ಒಂದು ಕಾಲಿಗೆ ಇದ್ದರೆ ಇನ್ನೊಂದಕ್ಕೂ ಅದೇ ಎತ್ತರಕ್ಕೆ ಬೇಡ. ನಾಲ್ಕೂ ಕಾಲು ಮತ್ತು ಮುಖ ಬೆಳ್ಳಗಿರುವ ಪಂಚಕಲ್ಯಾಣಿಯನ್ನು ಇಡೀ ದಳಕ್ಕೆ ಒಂದು, ಅದೂ ಅಧಿಕಾರಿಗೆ.

ಕಾಲು ಬಿಳಿ ಇದ್ದ ಕಡೆ ಗೊರಸು ತಿಳಿ ಕೊಂಬಿನ ಬಣ್ಣ. ಕಾಲು ಗಾಢ ಇದ್ದರೆ ಗೊರಸೂ ಗಾಢ ಬೂದುಗಂದು. ಬಿಳಿ ಪಟ್ಟೆ ಮೂತಿಯವರೆಗೆ ಬಂದರೆ ಮಾತ್ರ ಅಲ್ಲಿ ಗುಲಾಬಿ ಛಾಯೆ. ಅಪ್ಪಟ ಬಿಳಿಯ ಬದಲು ಮೊದಲು ತಿಳಿ ಬೂದು ಹಾಕಿ, ನಡುವೆ ಮಾತ್ರ ಬಿಳಿ ಮುಟ್ಟಿಸಿ. ಕಣ್ಣು ಗಾಢ ಕಂದು, ಅಷ್ಟೇ. ಮನುಷ್ಯರ ಕಣ್ಣಿನ ಹಾಗೆ ಸುತ್ತ ಬಿಳಿ ಹಾಕಿದರೆ ಕುದುರೆ ಬೆದರಿದಂತೆ ಕಾಣುತ್ತದೆ.

ಹಂತ 8: ಬಣ್ಣ ಬಳಿಯುವುದು

ಅಕ್ರಿಲಿಕ್ ಮೇಲೆ ಆಯಿಲ್ ಬಣ್ಣ ಬಳಿದು ಒರೆಸುವ ಹಳೆಯ ವಿಧಾನವೇ ಕುದುರೆಗೆ ಅತ್ಯುತ್ತಮ ಎನ್ನುತ್ತೇನೆ. ದುಬಾರಿ ಟ್ಯೂಬ್ ಬೇಕಿಲ್ಲ, ಕ್ಯಾಮ್ಲಿನ್‌ನ ಬರ್ಂಟ್ ಅಂಬರ್, ಬರ್ಂಟ್ ಸಿಯೆನ್ನಾ, ಕಪ್ಪು ಮೂರೇ ಸಾಕು.

ಬಣ್ಣ ಹಿಡಿಯಲು ಮೊದಲು ಹಾಕುವ ಪ್ರೈಮರ್ ಪದರ ಆದ ಮೇಲೆ ಅಕ್ರಿಲಿಕ್‌ನ ಅಡಿಬಣ್ಣ. ಅದು ನಿಮಗೆ ಬೇಕಾದ ಬಣ್ಣಕ್ಕಿಂತ ತುಂಬಾ ತಿಳಿ ಇರಬೇಕು, ನೋಡಿದರೆ ಗಾಬರಿ ಆಗುವಷ್ಟು. ಬೇ ಕುದುರೆಗೆ ಕಿತ್ತಳೆ ಮಿಶ್ರಿತ ಕಂದು ಅಡಿಬಣ್ಣ, ಮೇಲೆ ಬರ್ಂಟ್ ಅಂಬರ್. ಗಾಢ ಬೇ ಕುದುರೆಗೆ ಕೆಂಗಂದು ಅಡಿಬಣ್ಣ, ಮೇಲೆ ಅಂಬರ್ ಜೊತೆ ಚೂರು ಕಪ್ಪು. ಚೆಸ್ಟ್‌ನಟ್‌ಗೆ ಹಳದಿ ಓಕರ್ ಜೊತೆ ಸ್ವಲ್ಪ ಕಿತ್ತಳೆ, ಮೇಲೆ ಸಿಯೆನ್ನಾ. ಕಪ್ಪಿಗೆ ಗಾಢ ಕಂದು ಅಡಿಬಣ್ಣ, ಮೇಲೆ ಕಪ್ಪು. ಗ್ರೇಗೆ ಈ ವಿಧಾನ ಬೇಡ, ಹಂತ 5ರಲ್ಲಿ ಹೇಳಿದ್ದೇ ಸರಿ.

ಅಡಿಬಣ್ಣ ಪೂರ್ತಿ ಒಣಗಿದ ಮೇಲೆ ಆಯಿಲ್ ಬಣ್ಣವನ್ನು ತೆಳುವಾಗಿ ಮೈಯೆಲ್ಲ ಬಳಿಯಿರಿ. ಸ್ವಲ್ಪ ಹೊತ್ತು ಬಿಟ್ಟು ಮೇಕಪ್ ಸ್ಪಂಜಿನಿಂದ ಉಬ್ಬಿದ ಭಾಗಗಳನ್ನು ಮಾತ್ರ ಒರೆಸಿ: ಪಿರ್ರೆ, ಭುಜ, ಪಕ್ಕೆ, ಕತ್ತಿನ ಮೇಲ್ಭಾಗ, ಮೂಗಿನ ಮೂಳೆ. ಸ್ನಾಯುಗಳ ನಡುವಿನ ತಗ್ಗಿನಲ್ಲಿ ಗಾಢ ಬಣ್ಣ ತಾನಾಗಿ ಉಳಿಯುತ್ತದೆ. ಹೊಟ್ಟೆಯ ಕೆಳಗೆ ಒರೆಸಬೇಡಿ, ಅಲ್ಲಿ ನೆರಳು ಬೇಕು. ಒತ್ತಡ ಪ್ರತಿ ಕುದುರೆಗೂ ಸ್ವಲ್ಪ ಬೇರೆ ಆಗುವುದರಿಂದ ಒಂದೇ ಟ್ಯೂಬಿನಿಂದ ಬಂದ ಐದು ಬೇ ಕುದುರೆಗಳೂ ಒಂದೊಂದು ಥರ ಕಾಣುತ್ತವೆ. ಬಾಟಲಿಯ ವಾಶ್ (ತಗ್ಗುಗಳಿಗೆ ಇಳಿಯುವ ನೀರು ಬಣ್ಣ) ಹಾಕಿದರೆ ಈ ವ್ಯತ್ಯಾಸ ಇಷ್ಟು ಸುಲಭವಾಗಿ ಬರುವುದಿಲ್ಲ.

ಅಂಬರ್ ಆಯಿಲ್ ಬಣ್ಣಗಳಲ್ಲಿ ಬೇಗ ಒಣಗುವಂಥದ್ದು, ಕಪ್ಪು ನಿಧಾನ. ನಾಲ್ಕೈದು ದಿನ ಧೂಳು ಬೀಳದಂತೆ ಡಬ್ಬಿ ಮುಚ್ಚಿಡಿ, ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಬೆರಳಿಗೆ ಅಂಟದಿದ್ದರೆ ವಾರ್ನಿಶ್ ಒಂದು ಪದರ ಹೊಡೆದು, ಆಮೇಲೆ ಅಕ್ರಿಲಿಕ್‌ನಲ್ಲಿ ಜೂಲು, ಬಾಲ, ಬೇ ಕುದುರೆಯ ಕಪ್ಪು ಕಾಲು, ಬಿಳಿ ಗುರುತು, ಗೊರಸು ಮುಗಿಸಿ. ಕಪ್ಪು ಕಾಲು ಮೊಣಕಾಲಿನ ಹತ್ತಿರ ಗೆರೆ ಹೊಡೆದಂತೆ ನಿಲ್ಲಬಾರದು, ಮೇಲಕ್ಕೆ ಹೋದಂತೆ ಕಂದಿನಲ್ಲಿ ಕರಗಬೇಕು. ಇದಾದ ಮೇಲಷ್ಟೇ ಜೀನು, ಲಗಾಮು, ರಿಕಾಪು.

ಹಂತ 9: ಆ ದಿನದ ಹವಾಮಾನ ಸೇರಿಸಿ

1815ರ ಜೂನ್ 17ರ ಮಧ್ಯಾಹ್ನದಿಂದ ರಾತ್ರಿಯೆಲ್ಲ ಜೋರು ಮಳೆ. ಮರುದಿನ ಬೆಳಿಗ್ಗೆ ಹೊಲಗಳೆಲ್ಲ ಕೆಸರು. ಅಂಥ ನೆಲದಲ್ಲಿ ಓಡಿದ ಕುದುರೆಯ ಕಾಲು ಅಂಗಡಿಯಿಂದ ಬಂದ ಹಾಗೆ ಶುಭ್ರವಾಗಿ ಇರಲು ಆಗದು. ಗೊರಸಿನಿಂದ ಮೊಣಕಾಲಿನವರೆಗೆ ಒಣ ಬ್ರಷ್‌ನಲ್ಲಿ ಮಣ್ಣಿನ ಬಣ್ಣ ಎಳೆಯಿರಿ, ಹೊಟ್ಟೆಯ ಅಡಿಗೆ ಮತ್ತು ಬಾಲದ ತುದಿಗೆ ಸಣ್ಣದಾಗಿ ಸಿಡಿಸಿ. ಗ್ರೇ ಕುದುರೆಯ ಮೇಲೆ ಕೆಸರು ಎದ್ದು ಕಾಣುತ್ತದೆ, ಅಲ್ಲಿ ಕೈ ಹಿಡಿತ ಇರಲಿ. ಓಟದಲ್ಲಿರುವ ಕುದುರೆಯ ಕತ್ತು, ಎದೆ, ಜೀನಿನ ಅಂಚು ಬೆವರಿಗೆ ಗಾಢವಾಗುತ್ತದೆ, ಅಲ್ಲಿ ಮೈಬಣ್ಣಕ್ಕಿಂತ ಒಂದು ಹಂತ ಗಾಢವಾದ ತೆಳು ಪದರ ಕೊಡಿ. ಲಗಾಮು ಉಜ್ಜುವ ಜಾಗದಲ್ಲಿ, ಕಡಿವಾಣದ ಹತ್ತಿರ ಒಂದೆರಡು ಬಿಳಿ ನೊರೆಯ ಚುಕ್ಕಿ.

ಬೊಂಬೆಯ ತಳಕ್ಕೆ ಹಾಕುವ ಮಣ್ಣಿನ ಬಣ್ಣವನ್ನೇ ಕಾಲಿನ ಕೆಸರಿಗೂ ಬಳಸಿ. ಎರಡೂ ಬೇರೆ ಬೇರೆ ಆದರೆ ಕುದುರೆ ಬೇರೆ ಊರಿಂದ ಓಡಿ ಬಂದಂತೆ ಆಗುತ್ತದೆ. ತಳಕ್ಕೆ ಅಂಟಿಸುವ ಮೊದಲು ಹನ್ನೆರಡನ್ನೂ ಸಾಲಾಗಿ ನಿಲ್ಲಿಸಿ, ಎರಡು ಚೆಸ್ಟ್‌ನಟ್ ಪಕ್ಕಪಕ್ಕ ಬಂದಿದ್ದರೆ ಜಾಗ ಬದಲಿಸಿ, ಗ್ರೇ ಕುದುರೆಯ ಕಹಳೆಗಾರನನ್ನು ಅಧಿಕಾರಿಯ ಪಕ್ಕಕ್ಕೆ ಸರಿಸಿ, ಆಮೇಲೆ ಅಂಟು ಹಾಕಿ.